ಮಲ್ಲರ ಆಹಾರ ಮತ್ತು ಆಯುಷ್ಯ

12ನೆಯ ಶತಮಾನದಲ್ಲಿ ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ‘ಮಾನಸೋಲ್ಲಾಸ’ವೆಂಬ ತನ್ನ ಸಂಸ್ಕೃತ ಗ್ರಂಥದಲ್ಲಿ ಮಲ್ಲವಿನೋದಕ್ಕೆಂದೇ ಒಂದು ಪ್ರಕರಣವನ್ನು ಮೀಸಲಿಟ್ಟು, ಮಲ್ಲರನ್ನು ವಯಸ್ಸು, ಗಾತ್ರ, ಬಲಗಳಿಗೆ ಅನುಸಾರವಾಗಿ ವಿಂಗಡಿಸಿ, ಅವರು ಮಾಡಬೇಕಾದ ವ್ಯಾಯಾಮವನ್ನೂ ಅರಮನೆಯಿಂದ ಅವರಿಗೆ ಸಲ್ಲಬೇಕಾದ ದ್ವಿದಳಧಾನ್ಯ, ಮಾಂಸ, ಹಾಲು, ಸಕ್ಕರೆಗಳನ್ನೂ ವಿಧಿಸಿದ್ದಾನೆ. ಶತಮಾನಗಳೆಷ್ಟೋ ಉರುಳಿದರೂ ಈ ಪಟ್ಟಿ ಹೆಚ್ಚು ಬದಲಾಗಿಲ್ಲ. ಮೈಸೂರಿನ ಗರಡಿಗಳಲ್ಲಿಯೂ ಬೆಳಗಾವಿ, ಧಾರವಾಡಗಳ ತಾಲೀಮುಗಳಲ್ಲಿಯೂ ಪೈಲ್ವಾನನ ಖುರಾಕೆಂದರೆ ಇಂದಿಗೂ ಹಾಲು, ತುಪ್ಪ, ಅರೆದ ಬಾದಾಮಿ, ಮೊಟ್ಟೆ, ಮಾಂಸ. ಮಗನನ್ನು ಕುಸ್ತಿಗೆ ಬಿಟ್ಟ ಬಡ ರೈತನು ಮನೆಯ ಎಮ್ಮೆಯ ಹಾಲನ್ನು ಡೇರಿಗೆ ಹಾಕದೆ ಅವನಿಗಾಗಿಯೇ ಉಳಿಸುವುದುಂಟು. ಆ ವಾತ್ಸಲ್ಯವೂ ಶ್ರದ್ಧೆಯೂ ನಿಸ್ಸಂದೇಹವಾಗಿ ಗೌರವಾರ್ಹವಾದುವು. ಆದರೆ ಈ ಖುರಾಕು ಅಖಾಡದಲ್ಲಿ ಕಳೆಯುವ ಹದಿನೈದಿಪ್ಪತ್ತು ವರ್ಷಗಳನ್ನು ಲಕ್ಷಿಸಿ ಹುಟ್ಟಿದುದು. ಅದೇ ದೇಹವು ಆ ಬಳಿಕ ಬಾಳಬೇಕಾದ ಮೂವತ್ತು ನಲವತ್ತು ವರ್ಷಗಳ ಲೆಕ್ಕವನ್ನು ಯಾರೂ ಮಾಡಿ ಇಟ್ಟಂತಿಲ್ಲ. ಆ ಲೆಕ್ಕವನ್ನು ಮಾಡಲು ಬೇಕಾದ ಸಾಮಗ್ರಿಯನ್ನು ಶರೀರವಿಜ್ಞಾನವು ಈಗ ಒದಗಿಸಿಕೊಟ್ಟಿದೆ.

ಸ್ನಾಯುಗಳು ಬಹುಮಟ್ಟಿಗೆ ಸಸಾರಜನಕದಿಂದ, ಎಂದರೆ ಪ್ರೋಟೀನಿನಿಂದ, ರಚಿತವಾದುವು. ಆದುದರಿಂದ ದುಡಿಯುವಾಗ ಅವು ಸಸಾರಜನಕವನ್ನೇ ಉರಿಸುತ್ತವೆ ಎಂದು 19ನೆಯ ಶತಮಾನದ ಮಧ್ಯದಲ್ಲಿ ಜರ್ಮನಿಯ ಪ್ರಖ್ಯಾತ ರಸಾಯನಜ್ಞ ಲೀಬಿಗ್ ಪ್ರತಿಪಾದಿಸಿದ್ದನು. ಇದನ್ನು ಪರೀಕ್ಷಿಸಲೆಂದು 1865ರ ಆಗಸ್ಟ್ ತಿಂಗಳಲ್ಲಿ ಜ್ಯೂರಿಕ್ ನಗರದ ಇಬ್ಬರು ಪ್ರಾಧ್ಯಾಪಕರು, ಶರೀರಶಾಸ್ತ್ರಜ್ಞ ಫಿಕ್ ಮತ್ತು ರಸಾಯನಜ್ಞ ವಿಸ್ಲಿಸೇನುಸ್, ಸ್ವಿಸ್ ಆಲ್ಪ್ಸ್ ಪರ್ವತಗಳ ಫೌಲ್‌ಹಾರ್ನ್ ಶಿಖರವನ್ನು ಹತ್ತಿದರು. ಹೊರಡುವುದಕ್ಕೆ ಹದಿನೇಳು ಗಂಟೆಗಳ ಮೊದಲಿನಿಂದಲೇ ಅವರು ಸಸಾರಜನಕವಿರುವ ಯಾವ ಪದಾರ್ಥವನ್ನೂ ಮುಟ್ಟದೆ, ಪಿಷ್ಟವನ್ನು ಕಲಸಿ ಕೊಬ್ಬಿನಲ್ಲಿ ಕರಿದ ಬಿಲ್ಲೆಗಳನ್ನೂ ಸಕ್ಕರೆ ಬೆರೆಸಿದ ಚಹವನ್ನೂ ಸೇವಿಸಿ, ತಪ್ಪಲಿನ ಸರೋವರದ ದಡದಿಂದ ಸುಮಾರು 1950 ಮೀಟರುಗಳಷ್ಟು ಎತ್ತರಕ್ಕೆ ಏರಿ, ದಾರಿಯುದ್ದಕ್ಕೂ ತಮ್ಮ ಮೂತ್ರವನ್ನು ಸಂಗ್ರಹಿಸುತ್ತ ಹೋದರು. ಸಸಾರಜನಕವು ದೇಹದಲ್ಲಿ ಕರಗಿದಾಗ ಅದರ ಸಾರಜನಕವು ಮೂತ್ರದಲ್ಲಿ ಹೊರಬೀಳುವುದರಿಂದ, ಅದನ್ನು ಅಳೆದರೆ ಎಷ್ಟು ವ್ಯಯವಾಯಿತೆಂಬುದು ತಿಳಿಯುತ್ತದೆ. ಒಬ್ಬೊಬ್ಬರಲ್ಲಿಯೂ ವ್ಯಯವಾದುದು ಸುಮಾರು 37 ಗ್ರಾಮು ಮಾತ್ರ. ಅಷ್ಟರಿಂದ ದೊರೆಯುವ ಶಕ್ತಿಯು ಅವರ ದೇಹವನ್ನು ಅಷ್ಟು ಎತ್ತರಕ್ಕೆ ಒಯ್ಯಲು ಎಷ್ಟು ಮಾತ್ರವೂ ಸಾಲದೆಂಬುದನ್ನು ಮರುವರ್ಷವೇ ಇಂಗ್ಲೆಂಡಿನ ಫ್ರಾಂಕ್‌ಲಂಡ್ ಆಹಾರಗಳ ಉಷ್ಣವನ್ನು ಅಳೆದು ದೃಢಪಡಿಸಿದನು. ಸ್ನಾಯುವಿನ ಕಟ್ಟಡಕ್ಕೂ ದುರಸ್ತಿಗೂ ಸಸಾರಜನಕ ಬೇಕು. ಅದರ ದುಡಿಮೆಗೆ ಬೇಕಾದುದು ಮುಖ್ಯವಾಗಿ ಪಿಷ್ಟ ಮತ್ತು ಕೊಬ್ಬು. ನೂರೈವತ್ತು ವರ್ಷಗಳ ಹಿಂದೆಯೇ ಇತ್ಯರ್ಥವಾದ ಈ ವಿಷಯವು ಇಂದಿನ ಜಿಮ್‌ಗಳ ಗೋಡೆಗಳನ್ನು ದಾಟಿ ಒಳಗೆ ಹೋಗದಿರುವುದು ವಿಷಾದಕರ.

ಹಾಗಾದರೆ ಬೇಕಾದುದೆಷ್ಟು? ಸಾಮಾನ್ಯ ವಯಸ್ಕನಿಗೆ ದೇಹದ ತೂಕದ ಪ್ರತಿ ಕಿಲೋಗ್ರಾಮಿಗೆ 0.83 ಗ್ರಾಮು ಸಸಾರಜನಕವನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು ಶಿಫಾರಸು ಮಾಡಿದೆ. ಭಾರ ಎತ್ತುವವರಿಗೂ ಕುಸ್ತಿಪಟುಗಳಿಗೂ ಇದು ಸಾಲದು. ಆದರೆ ಅನೇಕ ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ, ಕಿಲೋಗ್ರಾಮಿಗೆ ಸುಮಾರು 1.6 ಗ್ರಾಮನ್ನು ಮೀರಿದರೆ ಸರಾಸರಿಯಲ್ಲಿ ಸ್ನಾಯುವಿನ ವೃದ್ಧಿ ಹೆಚ್ಚುವುದಿಲ್ಲವೆಂದು ಕಂಡುಬಂದಿದೆ. 80 ಕಿಲೋ ತೂಗುವ ಜಟ್ಟಿಗೆ ಇದು ದಿನಕ್ಕೆ ಸುಮಾರು 130 ಗ್ರಾಮು. ಇದನ್ನು ಒಂದೇ ಹೊತ್ತಿಗೆ ತಿನ್ನುವುದಕ್ಕಿಂತ ನಾಲ್ಕು ಹೊತ್ತಿಗೆ ಹಂಚಿ ತಿನ್ನುವುದು ಲೇಸು.

ಈಗ ಖುರಾಕಿನ ಗಣಿತವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಒಂದು ಲೀಟರು ಎಮ್ಮೆಯ ಹಾಲು, 100 ಗ್ರಾಮು ಬಾದಾಮಿ, 100 ಗ್ರಾಮು ತುಪ್ಪ—ಪೈಲ್ವಾನರ ಲೆಕ್ಕದಲ್ಲಿ ಇದು ಅತಿಯೇನೂ ಅಲ್ಲ—ಇವು ಮೂರೂ ಸೇರಿದರೆ ಸುಮಾರು 2500 ಕ್ಯಾಲೊರಿಗಳಾಗುತ್ತವೆ. ಇವುಗಳಲ್ಲಿ ಸಸಾರಜನಕವು 60 ಗ್ರಾಮಿನಷ್ಟೂ ಇರದು. ಕೊಬ್ಬು ಮಾತ್ರ 200 ಗ್ರಾಮನ್ನು ಮೀರುತ್ತದೆ. ತುಪ್ಪದಲ್ಲಂತೂ ಸಸಾರಜನಕವೆಂಬುದೇ ಇಲ್ಲ. ಮಾಂಸಖಂಡವನ್ನು ಬೆಳೆಸಲೆಂದು ಕುಡಿದುದರ ಮುಕ್ಕಾಲು ಪಾಲು ಶಕ್ತಿಯು ಹೀಗೆ ಕೊಬ್ಬಿನಿಂದಲೇ ಬಂದಂತಾಯಿತು. ಬೆಳಗಿನ ಜಾವವೆದ್ದು ಸಾವಿರ ಬಸ್ಕಿ, ಐನೂರು ದಂಡ ಹೊಡೆದು, ಮಟ್ಟಿಯಲ್ಲಿ ಗಂಟೆಗಟ್ಟಲೆ ಸೆಣಸುವ ಇಪ್ಪತ್ತೈದರ ತರುಣನು ಇದನ್ನು ಅರಗಿಸಿಕೊಂಡಾನು. ಆದರೂ ಸಾಮು ಮಾಡುವವನಿಗೆ ತುಪ್ಪ ಏನೂ ಮಾಡದೆಂಬ ಗರಡಿಯ ನಂಬಿಕೆ ಅರ್ಧಸತ್ಯ ಮಾತ್ರ. ವ್ಯಾಯಾಮವು ಶಕ್ತಿಯನ್ನು ವ್ಯಯಿಸುತ್ತದೆಯೇ ಹೊರತು, ತುಪ್ಪದಲ್ಲಿರುವ ಪರ್ಯಾಪ್ತ (ಸ್ಯಾಚುರೇಟೆಡ್) ಕೊಬ್ಬು ರಕ್ತದಲ್ಲಿ ಏರಿಸುವ ಕೆಟ್ಟ ಕೊಲೆಸ್ಟರಾಲನ್ನು ಅಷ್ಟಾಗಿ ತಗ್ಗಿಸಲಾರದು.

ನಿಜವಾದ ಗಂಡಾಂತರವು ಒದಗುವುದು ಸಾಮು ನಿಂತ ಮೇಲೆ. ಮದುವೆ, ಬೇಸಾಯ, ನೌಕರಿ, ಮೊಣಕಾಲಿನ ನೋವು ಎಂಬಿತ್ಯಾದಿ ಕಾರಣಗಳಿಂದ ಅಖಾಡವನ್ನು ಬಿಟ್ಟವನ ದೇಹದ ಖರ್ಚು ತಟ್ಟನೆ ಇಳಿದುಹೋಗುತ್ತದೆ. ಹಸಿವೂ ರುಚಿಯೂ ಪೈಲ್ವಾನನ ಮನೆಯೆಂಬ ಮರ್ಯಾದೆಯೂ ಇಳಿಯುವುದಿಲ್ಲ. ಜಪಾನಿನ ಸೂಮೊ ಮಲ್ಲರು ಇದಕ್ಕೆ ಅತ್ಯಂತ ಸ್ಪಷ್ಟವಾದ ನಿದರ್ಶನ. ಮಾಂಸ, ಮೀನು, ತರಕಾರಿಗಳನ್ನು ಬೇಯಿಸಿದ ಚಂಕೊ ಎಂಬ ಸಾರನ್ನು ಅನ್ನದೊಡನೆ ಯಥೇಚ್ಛವಾಗಿ ಉಂಡು ಬೆಳೆದ ಅವರ ದೇಹಗಳನ್ನು ಮತ್ಸುಜಾವಾ ಮೊದಲಾದ ವೈದ್ಯರು ಸ್ಕ್ಯಾನ್ ಮಾಡಿ ನೋಡಿದಾಗ, ಕಣದಲ್ಲಿರುವಷ್ಟು ಕಾಲ ಅವರ ಕೊಬ್ಬು ಹೆಚ್ಚಾಗಿ ಚರ್ಮದ ಕೆಳಗೇ ನಿಂತಿರುವುದೂ, ಕರುಳು ಯಕೃತ್ತುಗಳ ಸುತ್ತ ಅದು ಆಶ್ಚರ್ಯಕರವಾಗಿ ಕಡಮೆಯಿರುವುದೂ ಗೋಚರವಾಯಿತು. ಕಠಿಣವಾದ ಅಭ್ಯಾಸವೇ ಅವರನ್ನು ಕಾಯುತ್ತಿತ್ತು. ಅಭ್ಯಾಸ ತಪ್ಪಿ ಊಟ ತಪ್ಪದಿದ್ದಾಗ ಕೊಬ್ಬು ಒಳ ಅಂಗಗಳ ಸುತ್ತ ಕೂರಲಾರಂಭಿಸಿ, ಅದರ ಬೆನ್ನಿಗೇ ಮಧುಮೇಹವೂ ಹೃದ್ರೋಗವೂ ಬರುತ್ತವೆ. ಸೂಮೊ ಮಲ್ಲರ ಆಯುರ್ಮಾನವು ಸಾಮಾನ್ಯ ಜಪಾನೀಯರದಕ್ಕಿಂತ ಕಡಮೆಯೆಂಬುದು ಪ್ರಸಿದ್ಧವಾಗಿದೆ. ಫಿನ್‌ಲೆಂಡಿನ ಹಳೆಯ ಕ್ರೀಡಾಪಟುಗಳ ಅಧ್ಯಯನವೊಂದು 1993ರಲ್ಲಿ ಪ್ರಕಟವಾಯಿತು. ಅದರಂತೆ ದೂರದ ಓಟಗಾರರೇ ಮೊದಲಾದವರು ಸರಾಸರಿ 75.6 ವರ್ಷ ಬಾಳಿದರೆ, ಕುಸ್ತಿ, ಮುಷ್ಟಿಯುದ್ಧ, ಭಾರ ಎತ್ತುವಿಕೆ ಮುಂತಾದ ಬಲಕ್ರೀಡೆಗಳವರು 71.5 ವರ್ಷವೂ, ಹೋಲಿಕೆಗೆಂದು ಆಯ್ದ ಸಾಮಾನ್ಯರು 69.9 ವರ್ಷವೂ ಬಾಳಿದ್ದರು. ಯೌವನದಲ್ಲಿ ಅಷ್ಟು ಶ್ರಮಿಸಿದ ಬಲಶಾಲಿಗಳಿಗೆ ದೊರೆತ ಲಾಭ ಎರಡು ವರ್ಷವೂ ಇಲ್ಲವಲ್ಲ ಎಂದು ಮನಸ್ಸು ಮರುಗುತ್ತದೆ.

ಸ್ಪರ್ಧೆಯ ಕೆಳಗಿನ ತೂಕದ ವರ್ಗಕ್ಕೆ ಇಳಿಯಲೆಂದು ನೀರು ಬಿಟ್ಟು ಬೆವರು ಸುರಿಸುವ ದುರಭ್ಯಾಸವನ್ನು ಇಲ್ಲಿ ಹೇಳದೆ ಬಿಡಲಾಗದು. 1997ರ ಕೊನೆಯ ಎರಡು ತಿಂಗಳುಗಳಲ್ಲಿ ಅಮೆರಿಕದ ಮೂವರು ಕಾಲೇಜು ಕುಸ್ತಿಪಟುಗಳು ಇದರಿಂದಲೇ ಮಡಿದರು.

ಗರಡಿಯನ್ನು ಬಿಟ್ಟವನು ಏನನ್ನು ಬಿಡಬೇಕು, ಏನನ್ನು ಉಳಿಸಿಕೊಳ್ಳಬೇಕು? ತುಪ್ಪ, ಬೆಣ್ಣೆ, ಸಿಹಿಗಳನ್ನು ಆ ತಿಂಗಳಿನಿಂದಲೇ ಇಳಿಸತಕ್ಕದ್ದು. ಕೆನೆಹಾಲಿನ ಬದಲು ಮಜ್ಜಿಗೆಯಾಗಲಿ, ಕೆನೆ ತೆಗೆದ ಹಾಲಾಗಲಿ ಸಾಕು. ಸಸಾರಜನಕವನ್ನು ಮಾತ್ರ ತೀರ ಇಳಿಸಕೂಡದು. ನಲವತ್ತರ ಆಚೆಗೆ ಸ್ನಾಯುವು ತಾನಾಗಿಯೇ ಕ್ಷೀಣಿಸತೊಡಗುವುದರಿಂದ, ಆರೋಗ್ಯವಂತರಾದ ವೃದ್ಧರಿಗೂ ಕಿಲೋಗ್ರಾಮಿಗೆ 1ರಿಂದ 1.2 ಗ್ರಾಮು ಬೇಕೆಂಬುದು ಇಂದಿನ ತಜ್ಞರ ಅಭಿಪ್ರಾಯ. ಇದಕ್ಕೆ ದುಬಾರಿಯಾದ ಪುಡಿಡಬ್ಬಿಗಳ ಅವಶ್ಯಕತೆಯಿಲ್ಲ. ಹುರುಳಿಯಲ್ಲಿಯೂ ತೊಗರಿಯಲ್ಲಿಯೂ ನೂರಕ್ಕೆ ಇಪ್ಪತ್ತೆರಡರಷ್ಟು ಸಸಾರಜನಕವಿದೆ. ಏಕದಳಧಾನ್ಯಗಳಲ್ಲಿ ಕೊರತೆಯಾಗುವ ಲೈಸಿನ್ ಎಂಬ ಸಸಾರಜನಕದ ಘಟಕವು ಕಾಳುಗಳಲ್ಲಿ ಧಾರಾಳವಾಗಿಯೂ, ಕಾಳುಗಳಲ್ಲಿ ಕೊರತೆಯಾಗುವ ಮೆಥಿಯೊನಿನ್ ಧಾನ್ಯಗಳಲ್ಲಿ ಸಾಕಷ್ಟೂ ದೊರೆಯುವುದರಿಂದ, ಹುರುಳಿಸಾರಿನೊಡನೆ ರಾಗಿಮುದ್ದೆಯನ್ನೂ ಕಾಳುಪಲ್ಯದೊಡನೆ ಜೋಳದ ರೊಟ್ಟಿಯನ್ನೂ ಉಣ್ಣುವ ನಮ್ಮ ರೈತರ ಪದ್ಧತಿಯು ರಸಾಯನಶಾಸ್ತ್ರದ ದೃಷ್ಟಿಯಿಂದಲೂ ಯುಕ್ತವಾದುದು. 100 ಗ್ರಾಮು ರಾಗಿಯಲ್ಲಿ 300 ಮಿಲಿಗ್ರಾಮಿಗೂ ಮಿಕ್ಕಿದ ಕ್ಯಾಲ್ಸಿಯಂ ಇರುವುದು ಮೂಳೆಗಳಿಗೂ ಒಳ್ಳೆಯದು. ಹಳೆಯ ಖುರಾಕಿನಲ್ಲಿ ಸ್ಥಾನವೇ ಇಲ್ಲದಿದ್ದ ಸೊಪ್ಪು, ತರಕಾರಿ, ಹಣ್ಣುಗಳು ರಕ್ತದೊತ್ತಡವನ್ನು ಹದದಲ್ಲಿಡಲು ನೆರವಾಗುತ್ತವೆ. ಉಪ್ಪು ದಿನಕ್ಕೆ 5 ಗ್ರಾಮನ್ನು ಮೀರಬಾರದು. ಆರೋಗ್ಯವಾದ ಮೂತ್ರಪಿಂಡಕ್ಕೆ ಮೇಲೆ ಹೇಳಿದ ಪ್ರಮಾಣದ ಸಸಾರಜನಕದಿಂದ ಹಾನಿಯಾದುದು ಕಂಡುಬಂದಿಲ್ಲ. ಮೂತ್ರಪಿಂಡದ ರೋಗವಿರುವವರಾದರೋ ವೈದ್ಯರನ್ನು ಕೇಳದೆ ಅದನ್ನು ಹೆಚ್ಚಿಸಿಕೊಳ್ಳಬಾರದು.

ನಮ್ಮ ವಸ್ತಾದಿಗಳಲ್ಲಿ ಒಂದು ವಿಜ್ಞಾಪನೆ. ಶಿಷ್ಯನು ಗರಡಿಗೆ ಬಂದ ದಿನ ಏನು ಉಣ್ಣಬೇಕೆಂದು ಹೇಳಿಕೊಡುವ ನೀವೇ, ಅವನು ಗರಡಿಯನ್ನು ಬಿಡುವ ದಿನ ಏನನ್ನು ಉಣ್ಣಬಾರದೆಂಬುದನ್ನೂ ಹೇಳಿ ಕಳುಹಿಸಿರಿ. ನಿಮ್ಮ ಮಾತನ್ನು ಅವನು ಯಾವ ವೈದ್ಯನ ಮಾತಿಗಿಂತಲೂ ಹೆಚ್ಚಾಗಿ ನಂಬುತ್ತಾನೆ. ದಿನಕ್ಕೆ ನಾಲ್ಕು ಬಸ್ಕಿಯನ್ನಾದರೂ ಬಿಡದಂತೆ, ವರ್ಷಕ್ಕೊಮ್ಮೆ ರಕ್ತದೊತ್ತಡವನ್ನೂ ಸಕ್ಕರೆಯನ್ನೂ ಪರೀಕ್ಷಿಸಿಕೊಳ್ಳುವಂತೆ, ಸೊಂಟದ ಸುತ್ತಳತೆ 90 ಸೆಂಟಿಮೀಟರನ್ನು ದಾಟಿದೊಡನೆ ವೈದ್ಯರಲ್ಲಿಗೆ ಹೋಗುವಂತೆ ಅವನಿಗೆ ಆಜ್ಞಾಪಿಸಿರಿ.