ಅಚ್ಚು ಕಾದ ಮೇಲೆ

ಸಂಕ್ರಾಂತಿಗೆ ಮನೆಯಲ್ಲೇ ಸಕ್ಕರೆ ಅಚ್ಚು ಹೊಯ್ದವರಿಗೆ ಈ ಲೇಖನದ ಅರ್ಧ ವಿಜ್ಞಾನ ಆಗಲೇ ಗೊತ್ತು. ಮರದ ಅಚ್ಚಿನ ಎರಡು ಹೋಳುಗಳನ್ನು ನೀರಿನಲ್ಲಿ ನೆನೆಸಿ, ಜೋಡಿಸಿ, ದಾರ ಬಿಗಿದು, ಹದಕ್ಕೆ ಬಂದ ಪಾಕವನ್ನು ಬಾಯಿಂದ ಸುರಿದು, ಆರಿದ ಮೇಲೆ ಬಿಡಿಸಿದರೆ ಆನೆ, ಕುದುರೆ, ತುಳಸಿ ಬೃಂದಾವನ. ಒಂದೊಂದು ಸಲ ಆನೆಗೆ ಸೊಂಡಿಲೇ ಬಂದಿರುವುದಿಲ್ಲ. ಅಜ್ಜಿ ಅದನ್ನು ಪುನಃ ಪಾಕಕ್ಕೆ ಹಾಕುತ್ತಿದ್ದರು, ಇಲ್ಲವೇ ನಮ್ಮ ಬಾಯಿಗೆ.

ಸೊಂಡಿಲು ಏಕೆ ಬರಲಿಲ್ಲ ಎಂದು ಅಂದು ಯಾರೂ ಕೇಳಲಿಲ್ಲ. ಅದನ್ನು ನಾನು ಕೇಳಿಕೊಂಡದ್ದು ಐವತ್ತು ವರ್ಷ ಕಳೆದ ಮೇಲೆ, ತಿರುಮಕೂಡಲು ನರಸೀಪುರದಲ್ಲಿ, ಒಂದು ಹುಣಸೆಮರದ ಕೆಳಗೆ, ಕರಗಿದ ಸೀಸದ ಬಾಣಲೆಯ ಮುಂದೆ ಕೂತಾಗ.

ಕಪಿಲೆ ಬಂದು ಕಾವೇರಿಗೆ ಸೇರುವ ಆ ಊರಿನಲ್ಲಿ ನನಗೊಬ್ಬ ಹಳೆಯ ಶಿಷ್ಯನಿದ್ದಾನೆ. ಬೀಸುಬಲೆಯಲ್ಲಿ ಮೀನು ಹಿಡಿಯುವುದು ಮನೆತನದ ಕಸುಬು. ಬೀಸುಬಲೆಯ ಅಂಚಿನ ಸುತ್ತ ಸೀಸದ ಗುಂಡುಗಳಿರುತ್ತವೆ. ಕೈ ಬೀಸಿದಾಗ ಬಲೆ ಛತ್ರಿಯ ಹಾಗೆ ಅರಳುವುದೂ, ನೀರಿಗೆ ಬಿದ್ದ ಕೂಡಲೇ ಅಂಚು ತಳ ಮುಟ್ಟುವುದೂ ಆ ಗುಂಡುಗಳಿಂದಲೇ. ಒಂದು ಕಡೆ ಹಗುರ, ಇನ್ನೊಂದು ಕಡೆ ಭಾರ ಆದರೆ ಬಲೆ ಓರೆಯಾಗಿ ಅರಳುತ್ತದೆ, ಮೀನು ಹಗುರವಿದ್ದ ಕಡೆಯಿಂದ ಜಾರಿಕೊಳ್ಳುತ್ತದೆ. ಅಂಗಡಿಯಲ್ಲಿ ಸಿಗುವ ಗುಂಡುಗಳ ತೂಕ ಒಂದರಂತೆ ಒಂದಿಲ್ಲ ಎನ್ನುವುದು ಅವನ ತಕರಾರು. ಹಾಗಾಗಿ ನಂಜನಗೂಡಿನ ಒಂದು ಲೇತು ಅಂಗಡಿಯಲ್ಲಿ ಹೇಳಿ ಅಲ್ಯೂಮಿನಿಯಂ ಅಚ್ಚು ಮಾಡಿಸಿದ. ಒಂದು ಸಲಕ್ಕೆ ಆರು ಗುಂಡು, ನಡುವೆ ಹಗ್ಗ ತೂರಲು ತೂತು. ಆಮೇಲೆ ನನಗೆ ಫೋನು: "ಮೇಷ್ಟ್ರೇ, ಅಚ್ಚು ಬಂದೈತೆ. ಆ ಸಣ್ಣ ತೂಕದ ತಕ್ಕಡಿ ತಕ್ಕೊಂಡ್ ಬನ್ನಿ, ನೋಡೇ ಬುಡಾಣ."

ಅಳತೆ ನನ್ನದೇ. ಗುಂಡಿನ ಉದ್ದ 20 ಮಿಲಿಮೀಟರ್, ಅಡ್ಡಗಲ 14, ತೂತು 5. ಸೀಸದ ಸಾಂದ್ರತೆ 11.34. ಅಂದರೆ ಲೀಟರು ನೀರು ಹಿಡಿಯುವ ಪಾತ್ರೆಗೆ ಸೀಸ ತುಂಬಿದರೆ 11 ಕೇಜಿಯ ಮೇಲೆ ತೂಗುತ್ತದೆ. ಗುಣಿಸಿ ನೋಡಿದರೆ ಗುಂಡೊಂದಕ್ಕೆ 30.5 ಗ್ರಾಂ ಬರಬೇಕು. ಬೋರ್ಡಿನ ಮೇಲೆ ಬರೆದ ಉತ್ತರದಷ್ಟೇ ಖಚಿತವಾಗಿ ಹೇಳಿಬಿಟ್ಟಿದ್ದೆ.

ಮೊದಲ ಎರಕ ತೆಗೆದಾಗ ನನ್ನ ಮಾನ ಹೋಯಿತು. ಆರರಲ್ಲಿ ಎರಡು ಅರ್ಧಂಬರ್ಧ. ಉಳಿದ ನಾಲ್ಕರ ಮೈ ಮುದುಕರ ಚರ್ಮದ ಹಾಗೆ ಸುಕ್ಕು. ತೂಕ 23, 26, 25, ಹೀಗೆ. "ಲೇತಿನವನು ಅಳತೆ ತಪ್ಪಿದ" ಎಂದು ಶಿಷ್ಯ ಗೊಣಗಿದ. ವರ್ನಿಯರ್ ಹಿಡಿದು ಅಳೆದೆ. ಲೇತಿನವನು ತಪ್ಪಿರಲಿಲ್ಲ.

ತಪ್ಪು ಬಿಸಿಯಲ್ಲಿತ್ತು. ಸೀಸ 327 ಡಿಗ್ರಿಗೆ ಕರಗುತ್ತದೆ. ಕೇಳಿದರೆ ಭಾರೀ ಬಿಸಿ ಅನ್ನಿಸುತ್ತದೆ, ಆದರೆ ಬಿಸಿ ಎಷ್ಟು ಎನ್ನುವುದು ಒಂದು ಮಾತು, ಅದರೊಳಗಿನ ಶಾಖ ಎಷ್ಟು ಎನ್ನುವುದು ಬೇರೆಯೇ ಮಾತು. ಒಂದು ಕೇಜಿ ತಣ್ಣನೆಯ ಸೀಸವನ್ನು ಪೂರ್ತಿ ಕರಗಿಸಲು ಬೇಕಾದ ಶಾಖದಿಂದ ಒಂದು ಲೀಟರು ನೀರನ್ನು ಬರೀ 15 ಡಿಗ್ರಿ ಬಿಸಿ ಮಾಡಬಹುದು, ಅಷ್ಟೆ. ಸ್ನಾನಕ್ಕೂ ಸಾಲದು. ಸೀಸದ ಜೇಬಿನಲ್ಲಿ ಕಾಸು ಕಡಿಮೆ. ತಣ್ಣನೆಯ ಅಲ್ಯೂಮಿನಿಯಂ ಮುಟ್ಟಿದ ಕ್ಷಣಕ್ಕೆ ಅದನ್ನೆಲ್ಲ ಕೊಟ್ಟು, ಅಚ್ಚಿನ ಮೂಲೆ ತಲುಪುವ ಮೊದಲೇ ಹೆಪ್ಪುಗಟ್ಟುತ್ತದೆ. ಸಕ್ಕರೆ ಅಚ್ಚಿನ ಮರ ಹೀಗೆ ಮಾಡುವುದಿಲ್ಲ, ಏಕೆಂದರೆ ಮರಕ್ಕಿಂತ ಅಲ್ಯೂಮಿನಿಯಂ ಸಾವಿರ ಪಟ್ಟಿಗೂ ಹೆಚ್ಚು ಚುರುಕಾಗಿ ಶಾಖ ಎಳೆದುಕೊಳ್ಳುತ್ತದೆ.

ಶಿಷ್ಯನ ಹೆಂಡತಿ ಜಗುಲಿಯಿಂದಲೇ ನೋಡುತ್ತಿದ್ದವಳು ಹೇಳಿದಳು: "ಮೊದಲ್ನೇ ದೋಸೆ ಯಾವತ್ತು ಎದ್ದೈತೆ ಮೇಷ್ಟ್ರೇ? ಕಾವಲಿ ಕಾಯ್ಬೇಕಲ್ವ?"

ಅದೇ ಸರಿಯಾದ ಉತ್ತರ. ಲೆಕ್ಕ ಹಾಕಿ ನೋಡಿದೆ. ಅಚ್ಚಿನ ತೂಕ ಸುಮಾರು 800 ಗ್ರಾಂ. ಒಂದು ಎರಕದ ಸೀಸ ತನ್ನ ಶಾಖವನ್ನು ಬಿಟ್ಟುಕೊಟ್ಟರೆ ಅಚ್ಚು ಬಿಸಿಯಾಗುವುದು 12 ಡಿಗ್ರಿಯ ಆಸುಪಾಸು. ನಡುನಡುವೆ ಆರುವುದನ್ನೂ ಸೇರಿಸಿಕೊಂಡರೆ ಹತ್ತು ಹನ್ನೆರಡು ಎರಕವಾದರೂ ಹಾಳಾಗಬೇಕು. ಅದರ ಬದಲು ಅಚ್ಚನ್ನೇ ಒಲೆಯ ದಂಡೆಯಲ್ಲಿಟ್ಟು ಕಾಯಿಸಿದೆವು. ಬುಡ್ಡಿ ದೀಪದ ಹೊಗೆ ಹಿಡಿದು ಒಳಮೈಗೆ ತೆಳುವಾಗಿ ಮಸಿ ಕೂರಿಸಿದೆವು. ಮಸಿ ಶಾಖಕ್ಕೆ ಅಡ್ಡ ನಿಲ್ಲುತ್ತದೆ, ಸೀಸ ಅಂಟಿಕೊಳ್ಳದಂತೆಯೂ ನೋಡಿಕೊಳ್ಳುತ್ತದೆ. ಹೋಳುಗಳು ಕೂಡುವ ಮುಖದ ಮೇಲೆ ಗರಗಸದ ಬ್ಲೇಡಿನಿಂದ ಕೂದಲೆಳೆಯಂಥ ಗೀರು ಹಾಕಿದೆವು, ಒಳಗಿನ ಗಾಳಿ ಹೊರಬೀಳಲಿ ಎಂದು. ಅಜ್ಜಿಯ ಆನೆಗೆ ಸೊಂಡಿಲು ಬಾರದಿದ್ದುದಕ್ಕೂ ಇಂಥದೇ ಕಾರಣ ಇದ್ದೀತು: ತುದಿಯಲ್ಲಿ ಗಾಳಿ ಸಿಕ್ಕಿಕೊಂಡಿದ್ದರೆ ಪಾಕ ಎಲ್ಲಿ ಹೋಗಬೇಕು?

ಈ ಸಲ ಗುಂಡುಗಳು ಎರಕ ಹೊಯ್ದಂತೆಯೇ ಬಂದವು. ತೂಕ ಆರಕ್ಕೆ ಆರೂ 29.5ರ ಹತ್ತಿರ. ಆದರೆ ನಾನು ಹೇಳಿದ್ದು 30.5. ಇನ್ನೊಂದು ಗ್ರಾಂ ಎಲ್ಲಿ ಹೋಯಿತು?

ಎಲ್ಲಿಗೂ ಹೋಗಿಲ್ಲ, ಅದು ಅಚ್ಚಿನೊಳಕ್ಕೆ ಬಂದೇ ಇರಲಿಲ್ಲ. ನಾನು ಗುಣಿಸಿದ್ದು ತಣ್ಣನೆಯ ಸೀಸದ ಸಾಂದ್ರತೆಯಿಂದ. ಕರಗಿದ ಸೀಸ ಹಿಗ್ಗಿರುತ್ತದೆ, ಅದರ ಸಾಂದ್ರತೆ 10.66. ಗಟ್ಟಿಯಾಗುವಾಗ ನೂರಕ್ಕೆ ಮೂರೂವರೆ ಪಾಲು ಕುಗ್ಗುತ್ತದೆ. ಅಚ್ಚಿನ ಬಾಯಲ್ಲಿ ಸೀಸ ಇನ್ನೂ ದ್ರವವಾಗಿದ್ದರೆ ಈ ಕೊರತೆಯನ್ನು ಅದು ಮೇಲಿನಿಂದ ತುಂಬಿಕೊಡುತ್ತದೆ. ಅದಕ್ಕೇ ಬಾಯಲ್ಲಿ ಸ್ವಲ್ಪ ಹೆಚ್ಚಿಗೆ ಸುರಿದು ಗುಡ್ಡೆ ನಿಲ್ಲಿಸಬೇಕು, ಆಮೇಲೆ ಕತ್ತರಿಸಿ ಬಾಣಲೆಗೆ ಹಾಕಿದರಾಯಿತು. ಗುಡ್ಡೆಯ ನಡುವೆ ಕುಳಿ ಬಿದ್ದಿದ್ದರೆ ಕೆಳಗಿನ ಗುಂಡು ಹೊಟ್ಟೆ ತುಂಬ ಉಂಡಿದೆ ಎಂದರ್ಥ. ಗಟ್ಟಿಯಾದ ಮೇಲೂ ಗುಂಡು ಆರುತ್ತಾ ಇನ್ನಷ್ಟು ಕುಗ್ಗುತ್ತದೆ, ಅದಕ್ಕೆ ಮಾತ್ರ ಪರಿಹಾರವಿಲ್ಲ. 14 ಮಿಲಿಮೀಟರಿನ ಅಚ್ಚಿನಿಂದ ಬಂದ ಗುಂಡು 13.9 ಇತ್ತು.

ಈ ಕುಗ್ಗುವಿಕೆ ಬಲೆಯ ಗುಂಡಿಗೆ ಲೆಕ್ಕಕ್ಕಿಲ್ಲ. ಕೋವಿಯ ಗುಂಡಿಗೆ ಮಾತ್ರ ಅದೇ ಪ್ರಾಣ. ನಳಿಗೆಗಿಂತ ಕೂದಲೆಳೆ ದಪ್ಪವಾದರೆ ತೂರದು, ತೆಳುವಾದರೆ ಗುರಿ ತಪ್ಪುತ್ತದೆ. ಪತ್ರಿಕೆಯಲ್ಲಿ ಓದುವ "12 ಬೋರಿನ ಕೋವಿ" ಎಂಬ ಮಾತೇ ಸೀಸದ ಎರಕದಿಂದ ಬಂದದ್ದು: ಒಂದು ಪೌಂಡ್ ಸೀಸದಿಂದ ಸಮನಾದ 12 ಗುಂಡು ಹೊಯ್ದರೆ ಒಂದೊಂದರ ಅಡ್ಡಗಲ ಎಷ್ಟೋ ಅಷ್ಟು ಆ ನಳಿಗೆಯ ಬಾಯಿ. 1799ರ ಮಾರ್ಚ್ 27ರಂದು ಮಳವಳ್ಳಿಯಲ್ಲಿ ಟಿಪ್ಪುವಿನ ಸೈನ್ಯವನ್ನು ಎದುರಿಸಿದ ಜನರಲ್ ಹ್ಯಾರಿಸ್, ಆಮೇಲೆ ಕಾವೇರಿ ದಾಟಿದ್ದು ಇದೇ ನರಸೀಪುರದ ಪಕ್ಕದ ಸೋಸಲೆಯಲ್ಲಿ. ಅವನ ಸಿಪಾಯಿಗಳ ಮಸ್ಕೆಟ್ಟಿನ ಗುಂಡೂ ಸರಿಸುಮಾರು 30 ಗ್ರಾಮಿನದೇ, ನಮ್ಮ ಬಲೆಯ ಗುಂಡಿನಷ್ಟೇ. ಅಚ್ಚೇ ಬೇಡವೆಂದು ಬ್ರಿಸ್ಟಲಿನ ವಿಲಿಯಂ ವಾಟ್ಸ್ 1782ರಲ್ಲಿ ಇನ್ನೊಂದು ಉಪಾಯಕ್ಕೆ ಪೇಟೆಂಟ್ ಪಡೆದ: ಎತ್ತರದಿಂದ ಜಾಲರಿಯ ಮೂಲಕ ಸೀಸ ಸುರಿಯುವುದು, ಬೀಳುವ ಹನಿಗಳು ಮಳೆಹನಿಯ ಹಾಗೆ ದುಂಡಾಗಿ ಕೆಳಗಿನ ನೀರಿನ ತೊಟ್ಟಿಯಲ್ಲಿ ಗಟ್ಟಿಯಾಗುವುದು. ಚರೆ ಮಾಡುತ್ತಿದ್ದುದು ಹೀಗೆ. (ಇದನ್ನೋದಿ ಯಾರೂ ಹಿತ್ತಿಲಿನಲ್ಲಿ ಸಾಹಸಕ್ಕಿಳಿಯಬೇಡಿ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಮದ್ದುಗುಂಡು ತಯಾರಿಸಲು ಪರವಾನಗಿ ಬೇಕು.)

ಲೋಹದ ಅಚ್ಚಿಗಿಂತ ಮೊದಲು ಜನ ನೆಚ್ಚಿಕೊಂಡಿದ್ದುದು ಬಳಪದ ಕಲ್ಲನ್ನು. ಉಳಿಗೆ ಮೆತ್ತಗೆ, ಬೆಂಕಿಗೆ ಗಟ್ಟಿ. ಇದೇ ತಾಲ್ಲೂಕಿನ ಸೋಮನಾಥಪುರದಲ್ಲಿ 1268ರ ಕೇಶವ ದೇವಾಲಯದ ಕುಸುರಿ ನೋಡಿದವರಿಗೆ ಆ ಜಾತಿಯ ಕಲ್ಲಿನ ಗುಣ ಹೇಳಬೇಕಾಗಿಲ್ಲ.

ಮಧ್ಯಾಹ್ನ ಶಿಷ್ಯ ಒಂದು ಗೋಣಿಗಂಟು ಬಿಚ್ಚಿದ. ಗುಜರಿಯಲ್ಲಿ ಸಿಕ್ಕ ಸೀಸವಂತೆ. ಒಳಗಿದ್ದದ್ದು ಮುಚ್ಚಿಹೋದ ಯಾವುದೋ ಅಚ್ಚುಕೂಟದ ಮೊಳೆಗಳು. ಅ, ಕ, ಳ, ಒತ್ತಕ್ಷರಗಳು, ಎಲ್ಲವೂ ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗು. ನನ್ನ ಮೊದಲ ಲೇಖನ ಇಂಥ ಮೊಳೆಗಳಿಂದಲೇ ಅಚ್ಚಾಗಿತ್ತು. ಬಾಣಲೆಗೆ ಹಾಕಬೇಡ ಎನ್ನುವಷ್ಟರಲ್ಲಿ ಒಂದು ಹಿಡಿ ಹಾಕಿಯಾಗಿತ್ತು. ಮೊಳೆಯ ಲೋಹದಲ್ಲಿ ಸೀಸದ ಜೊತೆ ಆಂಟಿಮನಿಯೂ ತವರವೂ ಇರುತ್ತವೆ. ಸೀಸಕ್ಕಿಂತ ಬೇಗ ಕರಗುತ್ತದೆ, ಆರುವಾಗ ಕುಗ್ಗುವುದು ಕಡಿಮೆ, ಅಚ್ಚಿನ ಸಣ್ಣ ಗೀರನ್ನೂ ಬಿಡದೆ ತುಂಬುತ್ತದೆ. ಅಕ್ಷರದ ಅಂಚು ಚೂಪಾಗಿ ಬರಬೇಕಲ್ಲ, ಅದಕ್ಕೆ. ಆ ಹಿಡಿಯಿಂದ ಬಂದ ಆರು ಗುಂಡುಗಳು ಬೆಳ್ಳಿಯ ಹಾಗೆ ಹೊಳೆಯುತ್ತಿದ್ದವು. ಹಗ್ಗಕ್ಕೆ ಬಿಗಿಯಾಗಲಿ ಎಂದು ಸುತ್ತಿಗೆಯಿಂದ ತಟ್ಟಿದಾಗ ಎರಡು ಪಟ್ಟನೆ ಸೀಳಿದವು. ಬರೀ ಸೀಸ ಉಗುರಿನಿಂದ ಗೀರಬಹುದಾದಷ್ಟು ಮೆತ್ತಗೆ, ತಟ್ಟಿದರೆ ತಗ್ಗುತ್ತದೆ. ಆಂಟಿಮನಿ ಸೇರಿದರೆ ತಗ್ಗುವುದಿಲ್ಲ, ಒಡೆಯುತ್ತದೆ. ಉಳಿದ ಮೊಳೆಗಳನ್ನು ನಾನು ದುಡ್ಡು ಕೊಟ್ಟು ಮನೆಗೆ ತಂದೆ.

ಅಪಾಯವಾದದ್ದು ಸಂಜೆ. ಬೆಳಗಿನಿಂದ ಎಚ್ಚರವಾಗಿದ್ದವರೇ ಮೈಮರೆತೆವು. ಶಿಷ್ಯ ಆಲೆಮನೆಯಲ್ಲೂ ದುಡಿದವನು. ಅಚ್ಚುಬೆಲ್ಲದ ಮರದ ಅಚ್ಚಿಗೆ ನೀರು ತಾಗಿಸಿಯೇ ಪಾಕ ಸುರಿಯುವುದು, ಇಲ್ಲದಿದ್ದರೆ ಬೆಲ್ಲ ಬಿಡಿಸಲು ಬಾರದು. ಆ ಕೈರೂಢಿಯಲ್ಲಿ ಸೌಟನ್ನು ಬಕೆಟ್ಟಿಗೆ ಅದ್ದಿ, ಒದ್ದೆಯಿದ್ದಂತೆಯೇ ಬಾಣಲೆಯೊಳಕ್ಕೆ ಇಳಿಸಿದ. ಢಬ್ ಎಂದಿತು. ಅಂಗೈ ಅಗಲದ ಸೀಸ ಮರದ ಕೊಂಬೆಗೆ ಹೋಗಿ ಅಂಟಿತು, ನನ್ನ ಪಂಚೆಗೆ ನಾಲ್ಕು ತೂತು. ಕಣ್ಣಿಗೆ ಕನ್ನಡಕವಿತ್ತು, ಅಷ್ಟರಮಟ್ಟಿಗೆ ಪುಣ್ಯ.

ಕಾದ ಕಾವಲಿಯ ಮೇಲೆ ನೀರು ಚಿಮುಕಿಸಿದರೆ ಹನಿಗಳು ಮುತ್ತಿನ ಹಾಗೆ ಓಡಾಡುತ್ತವೆ. ಹನಿಯ ಕೆಳಗೆ ಹಬೆಯ ಹಾಸಿಗೆ ಹುಟ್ಟಿ ಅದನ್ನು ಎತ್ತಿ ಹಿಡಿಯುವುದರಿಂದ ಅದು ತಟ್ಟನೆ ಕುದಿಯುವುದಿಲ್ಲ. ಸೀಸದ ಮೇಲೆ ಬಿದ್ದ ಹನಿಯೂ ಹೆಚ್ಚಾಗಿ ಹೀಗೆ ಆಡಿ ಆರಿಹೋಗುತ್ತದೆ. ಸೀಸದ ಕೆಳಗೆ ಸಿಕ್ಕ ಹನಿಯ ಕಥೆ ಬೇರೆ. ನೀರು ಹಬೆಯಾದಾಗ ಸುಮಾರು 1,700 ಪಟ್ಟು ಹಿಗ್ಗುತ್ತದೆ, ಹೊರಹೋಗಲು ದಾರಿಯಿಲ್ಲದೆ ಮೇಲಿನ ಸೀಸವನ್ನೇ ಎಸೆಯುತ್ತದೆ. ಸಕ್ಕರೆಗೂ ಬೆಲ್ಲಕ್ಕೂ ಒದ್ದೆ ಅಚ್ಚು. ಸೀಸಕ್ಕೆ ಒಣ ಅಚ್ಚು, ಒಣ ಸೌಟು, ಒಣ ಕೈ.

ಸಿಡಿತ ಕಣ್ಣಿಗೆ ಕಾಣುವ ಅಪಾಯ. ನನಗೆ ಹೆಚ್ಚು ಭಯವಾದದ್ದು ಬಾಣಲೆಯ ಮೇಲೆ ಕಟ್ಟುವ ಬೂದಿ-ಹಳದಿ ಕೆನೆಯನ್ನು ಕಂಡು. ಅದು ಸೀಸದ ಆಕ್ಸೈಡು. ಕೆನೆ ತೆಗೆದು ನೆಲಕ್ಕೆ ಕೊಡವಿದರೆ ನುಣುಪಾದ ಧೂಳು, ಆ ಧೂಳಿನಲ್ಲೇ ಮಕ್ಕಳು ಗೋಲಿ ಆಡುವುದು. ಬೆಂಕಿ ಜೋರಾದಷ್ಟೂ ಆವಿಯೂ ಹೆಚ್ಚು. ಸೀಸದ ಕೆಲವು ಲವಣಗಳು ನಾಲಿಗೆಗೆ ಸಿಹಿ ಎಂಬುದು ಇನ್ನೊಂದು ಕೇಡು. ಮೈಗೆ ಸೇರಿದ ಸೀಸ ಕ್ಯಾಲ್ಸಿಯಂ ವೇಷ ಹಾಕಿಕೊಂಡು ಮೂಳೆಗೆ ನುಗ್ಗಿ ಹತ್ತಾರು ವರ್ಷ ಕೂರುತ್ತದೆ, ಬಸಿರಿಯ ಮೂಳೆಯಿಂದ ಕೂಸಿಗೂ ಇಳಿಯುತ್ತದೆ. ನಂಜನಗೂಡಿನ ನಂಜುಂಡ ವಿಷವನ್ನು ಕಂಠದಲ್ಲೇ ತಡೆದ. ನಮ್ಮ ಮೈಗೆ ಆ ಶಕ್ತಿಯಿಲ್ಲ. ಮಕ್ಕಳ ರಕ್ತದಲ್ಲಿ ಇಷ್ಟಿದ್ದರೆ ಪರವಾಗಿಲ್ಲ ಎನ್ನುವಂಥ ಪ್ರಮಾಣವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿದ್ದ ಡಾ. ತುಪ್ಪಿಲ್ ವೆಂಕಟೇಶ್ ಈ ಮಾತನ್ನು ದಶಕಗಳಿಂದ ಹೇಳುತ್ತ ಬಂದವರು, "ಲೆಡ್ ಮ್ಯಾನ್" ಎಂದೇ ಹೆಸರಾದವರು. ಪೆಟ್ರೋಲಿನಿಂದ ಸೀಸ 2000ದಲ್ಲಿ ಹೋಯಿತು, ಮನೆಯ ಬಣ್ಣಕ್ಕೆ 2017ರಿಂದ ಕಟ್ಟುನಿಟ್ಟಿನ ಮಿತಿ ಬಂತು. ಮೀನಿನ ಬಲೆಯ ಕಡೆ ನಮ್ಮಲ್ಲಿ ಗಮನ ಹೋದದ್ದು ಕಡಿಮೆ. ಗಾಳದ ಸಣ್ಣ ಗುಂಡುಗಳನ್ನು ಕಲ್ಲುಹರಳೆಂದು ನುಂಗಿ ಹಂಸಗಳು ಸಾಯುತ್ತಿವೆ ಎಂದು ಬ್ರಿಟನ್ 1987ರಲ್ಲೇ ಅಂಥ ಸೀಸದ ಗುಂಡುಗಳನ್ನು ನಿಷೇಧಿಸಿತು.

ಒಲೆಯ ಮೇಲೆ ಸುಲಭವಾಗಿ ಕರಗುತ್ತದೆ ಎನ್ನುವುದೇ ಸೀಸದ ತೊಂದರೆ. ಕಬ್ಬಿಣಕ್ಕೆ ಕುಲುಮೆ ಬೇಕು, ಹಾಗಾಗಿ ಅದು ಕಮ್ಮಾರಸಾಲೆಯಲ್ಲೇ ಉಳಿಯಿತು. ಸೀಸ ನೇರ ಅಡುಗೆಮನೆಗೆ ಬಂತು. ಅವತ್ತು ನಾವು ಬಳಸಿದ ಬಾಣಲೆಯೂ ಹಿಂದಿನ ತಿಂಗಳವರೆಗೆ ಹಪ್ಪಳ ಕರಿದದ್ದೇ. ನೀರಿನಲ್ಲಿ ಮುಳುಗಿದಾಗ ಸೀಸ ತನ್ನ ತೂಕದಲ್ಲಿ ನೂರಕ್ಕೆ 91 ಪಾಲು ಉಳಿಸಿಕೊಂಡರೆ, ಕಬ್ಬಿಣ 87 ಉಳಿಸಿಕೊಳ್ಳುತ್ತದೆ. ವ್ಯತ್ಯಾಸ ಇಷ್ಟೇ ಎಂದು ಶಿಷ್ಯನಿಗೆ ಲೆಕ್ಕ ತೋರಿಸಿದೆ. "ತುಕ್ಕು ಹಿಡಿದು ನೂಲು ಕೊಯ್ಯುತ್ತೆ ಮೇಷ್ಟ್ರೇ" ಎಂದ. ಅವನ ಮಾತೂ ಸುಳ್ಳಲ್ಲ. ಸದ್ಯಕ್ಕೆ ಬಲೆಗೆ 170 ಸೀಸದ ಗುಂಡುಗಳೇ ಏರಿವೆ, ಬಲೆ ದುಂಡಗೆ ಅರಳುತ್ತಿದೆಯಂತೆ. ಅಚ್ಚಿನ ಮಟ್ಟಿಗೆ ಲೇತಿನವನಿಗೆ ನೂರಕ್ಕೆ ನೂರು ಅಂಕ.

ಎರಕ ಹೊಯ್ಯುವವರಲ್ಲಿ ಒಂದು ಕೋರಿಕೆ. ಬಾಣಲೆ, ಸೌಟು ಬೇರೆ ಇಡಿ, ಅಡುಗೆಮನೆಗೆ ತಿರುಗಿ ಒಯ್ಯಬೇಡಿ. ಬಯಲಲ್ಲಿ, ಗಾಳಿಗೆ ಬೆನ್ನು ಕೊಟ್ಟು ಕೂತು ಕೆಲಸ ಮಾಡಿ, ಮಕ್ಕಳೂ ಬಸಿರಿಯರೂ ಹತ್ತಿರ ಬೇಡ. ಹಳೆಯ ಬ್ಯಾಟರಿಯನ್ನು ಮಾತ್ರ ಒಡೆದು ಕರಗಿಸಲೇಬೇಡಿ, ಅದರಿಂದ ಸೀಸಕ್ಕಿಂತ ಕ್ರೂರವಾದ ಅನಿಲಗಳು ಏಳಬಹುದು. ಕೆಲಸ ಮುಗಿದ ಮೇಲೆ ಸೋಪು ಹಚ್ಚಿ ಕೈ ತೊಳೆದು, ಬಟ್ಟೆ ಬದಲಿಸಿ, ಆಮೇಲೆ ಕೂಸನ್ನು ಎತ್ತಿಕೊಳ್ಳಿ. ಮನೆಯಲ್ಲಿ ಈ ಕೆಲಸ ವರ್ಷಗಳಿಂದ ನಡೆದಿದ್ದರೆ ಮಕ್ಕಳ ರಕ್ತದಲ್ಲಿ ಸೀಸ ಎಷ್ಟಿದೆ ಎಂದು ಒಮ್ಮೆ ಪರೀಕ್ಷೆ ಮಾಡಿಸಿ.