ಐದು ಸಾವಿರ ಕಿಲೋಮೀಟರ್ ತಾಲೀಮು

1979ರ ಸೆಪ್ಟೆಂಬರ್ ಆರಂಭದಲ್ಲಿ ಕೆನಡಾದ ಪ್ರಿನ್ಸ್ ಜಾರ್ಜ್ ಎಂಬ ಊರಿನಲ್ಲಿ 27 ಕಿಲೋಮೀಟರ್ ಓಟದ ಸ್ಪರ್ಧೆ ನಡೆಯಿತು. ಎಲ್ಲರಿಗಿಂತ ಕೊನೆಗೆ ಗುರಿ ಮುಟ್ಟಿದವನು 21 ವರ್ಷದ ಒಬ್ಬ ಹುಡುಗ. ಅವನಿಗಿಂತ ಮುಂಚಿನವರು ಬಂದು ಹತ್ತು ನಿಮಿಷವಾಗಿತ್ತು. ಆದರೂ ಉಳಿದ ಓಟಗಾರರು ಕಾದು ನಿಂತು ಚಪ್ಪಾಳೆ ತಟ್ಟಿದರು, ಕೆಲವರ ಕಣ್ಣಲ್ಲಿ ನೀರಿತ್ತು. ಅವನ ಬಲಗಾಲನ್ನು ಮೊಣಕಾಲಿನಿಂದ ಸುಮಾರು 15 ಸೆಂಟಿಮೀಟರ್ ಮೇಲಕ್ಕೆ ಕತ್ತರಿಸಿ ಎರಡೂವರೆ ವರ್ಷವಾಗಿತ್ತು. ಅಷ್ಟು ದೂರವನ್ನೂ ಅವನು ಕೃತಕ ಕಾಲಿನಲ್ಲಿ ಓಡಿದ್ದ.

ಟೆರ್ರಿ ಫಾಕ್ಸ್ ಎಂಬ ಆ ಹುಡುಗ ಮರುವರ್ಷ ಕ್ಯಾನ್ಸರ್ ಸಂಶೋಧನೆಗೆ ಹಣ ಕೂಡಿಸಲು ಕೆನಡಾದ ಉದ್ದಕ್ಕೂ ಓಡಲು ಹೊರಟದ್ದು ಬಹಳ ಜನರಿಗೆ ಗೊತ್ತು. ಅದರ ಹಿಂದಿನ ಹದಿನಾಲ್ಕು ತಿಂಗಳ ತಾಲೀಮಿನ ಬಗ್ಗೆ ಮಾತಾಡುವವರು ಕಡಿಮೆ. ಒಳ್ಳೆಯ ಕೆಲಸಕ್ಕೆಂದು ದೂರದ ಓಟಕ್ಕೆ ಇಳಿಯುವ ಯಾರೇ ಆಗಲಿ ಮೊದಲು ತಿಳಿದುಕೊಳ್ಳಬೇಕಾದದ್ದು ಅದನ್ನೇ ಎಂದು ನನಗನ್ನಿಸುತ್ತದೆ.

ಟೆರ್ರಿ ಬ್ಯಾಸ್ಕೆಟ್‌ಬಾಲ್ ಹುಚ್ಚಿನವನು. 1976ರ ಡಿಸೆಂಬರ್‌ನಲ್ಲಿ ಬಲ ಮೊಣಕಾಲು ನೋಯತೊಡಗಿದಾಗ, ಆಟದ ಋತು ಮುಗಿಯಲಿ ಎಂದು ನೋವು ನುಂಗಿಕೊಂಡ. ಮಾರ್ಚ್‌ನಲ್ಲಿ ಆಸ್ಪತ್ರೆಗೆ ಹೋದಾಗ ಗೊತ್ತಾಯಿತು, ಅದು ಆಸ್ಟಿಯೊಸಾರ್ಕೋಮ. ಬೆಳೆಯುವ ವಯಸ್ಸಿನ ಮಕ್ಕಳಲ್ಲಿ, ಅದರಲ್ಲೂ ಮೊಣಕಾಲಿನ ಆಸುಪಾಸಿನಲ್ಲೇ ಹೆಚ್ಚಾಗಿ ಕಾಣಿಸಿಕೊಳ್ಳುವ ಮೂಳೆ ಕ್ಯಾನ್ಸರ್. ಶಸ್ತ್ರಚಿಕಿತ್ಸೆಯ ಹಿಂದಿನ ರಾತ್ರಿ ಅವನ ಶಾಲೆಯ ಕೋಚ್ ಓಟಗಾರರ ಪತ್ರಿಕೆಯೊಂದನ್ನು ತಂದುಕೊಟ್ಟರು. ಕೃತಕ ಕಾಲಿನಲ್ಲೇ ನ್ಯೂಯಾರ್ಕ್ ಮ್ಯಾರಥಾನ್ ಮುಗಿಸಿದ ಡಿಕ್ ಟ್ರಾಮ್ ಎಂಬಾತನ ಬಗ್ಗೆ ಅದರಲ್ಲಿ ಲೇಖನವಿತ್ತು. ಬೆಳಗಾದರೆ ಕಾಲು ಕಳೆದುಕೊಳ್ಳಲಿದ್ದ 18ರ ಹುಡುಗ ಅದನ್ನು ಓದಿಕೊಂಡ.

ಅವನನ್ನು ಓಡಿಸಿದ್ದು ಆ ಲೇಖನವೊಂದೇ ಅಲ್ಲ. ಬದುಕುಳಿಯುವ ಸಾಧ್ಯತೆ ನೂರಕ್ಕೆ ಐವತ್ತು ಎಂದು ವೈದ್ಯರು ಹೇಳಿದ್ದರು. ಎರಡು ವರ್ಷ ಮೊದಲೇ ಈ ರೋಗ ಬಂದಿದ್ದರೆ ಅದು ನೂರಕ್ಕೆ ಹದಿನೈದು ಮಾತ್ರ ಆಗಿರುತ್ತಿತ್ತು. ಹಿಂದೆ ಕಾಲು ಕತ್ತರಿಸಿದರೂ ರೋಗ ಶ್ವಾಸಕೋಶಕ್ಕೆ ಹರಡಿ ಹೆಚ್ಚಿನ ಮಕ್ಕಳು ಉಳಿಯುತ್ತಿರಲಿಲ್ಲ. 1970ರ ದಶಕದಲ್ಲಿ ಹೊಸ ಕೀಮೊ ಔಷಧಗಳು ಬಂದು ಚಿತ್ರ ಬದಲಾಯಿತು. ಅವುಗಳಲ್ಲೊಂದು ಮೆಥೊಟ್ರೆಕ್ಸೇಟ್. ಆಂಧ್ರದ ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅವರ ತಂಡ ಅಮೆರಿಕದ ಲೆಡರ್ಲೆ ಪ್ರಯೋಗಾಲಯದಲ್ಲಿ 1940ರ ದಶಕದಲ್ಲಿ ರೂಪಿಸಿದ ಔಷಧ ಅದು. ಮೊದಲು ರಕ್ತದ ಕ್ಯಾನ್ಸರಿಗೆ ಬಳಸಿದ್ದನ್ನು ಮೂರು ದಶಕಗಳ ನಂತರ ದೊಡ್ಡ ಪ್ರಮಾಣದಲ್ಲಿ ಮೂಳೆಯ ಕ್ಯಾನ್ಸರಿಗೂ ಕೊಟ್ಟು ನೋಡಿದರು. ಯಾರೋ ದುಡ್ಡು ಕೊಟ್ಟು, ಯಾರೋ ವರ್ಷಗಟ್ಟಲೆ ಪ್ರಯೋಗಾಲಯದಲ್ಲಿ ಕೂತು ದುಡಿದದ್ದರಿಂದ ತನಗೆ ಇನ್ನೊಂದಷ್ಟು ಬದುಕು ಸಿಕ್ಕಿತು ಎಂಬುದು ಟೆರ್ರಿಗೆ ವಾರ್ಡಿನಲ್ಲಿ ಮಲಗಿದ್ದಾಗಲೇ ಹೊಳೆಯಿತು. ಕೀಮೊ 16 ತಿಂಗಳು ನಡೆಯಿತು. ಅಕ್ಕಪಕ್ಕದ ಹಾಸಿಗೆಗಳಲ್ಲಿದ್ದವರು ನರಳುವುದನ್ನು, ಒಬ್ಬೊಬ್ಬರಾಗಿ ಇಲ್ಲವಾಗುವುದನ್ನು ಅವನು ನೋಡಿದ.

1979ರ ಫೆಬ್ರುವರಿಯಲ್ಲಿ ತಾಲೀಮು ಶುರುವಾಯಿತು. ಮೊದಲು ಓಡಿದ್ದು ಅರ್ಧ ಮೈಲಿ, ಅದೂ ಯಾರೂ ನೋಡದಂತೆ ಕತ್ತಲಲ್ಲಿ. ವಾರಕ್ಕೆ ಅರ್ಧರ್ಧ ಮೈಲಿ ಏರಿಸುತ್ತ ಹೋದ. ಒಮ್ಮೆ 101 ದಿನ ಬಿಡುವಿಲ್ಲದೆ ಓಡಿದ. ಅಮ್ಮ ಬೆಟ್ಟಿ ಬೇಡಿಕೊಂಡಳೆಂದು ಕ್ರಿಸ್‌ಮಸ್ ದಿನ ಮಾತ್ರ ಸುಮ್ಮನಿದ್ದ. ತಾಲೀಮಿನಲ್ಲೇ ಓಡಿದ ಒಟ್ಟು ದೂರ 5,000 ಕಿಲೋಮೀಟರ್ ದಾಟಿತ್ತು.

ಅವನ ಓಟ ಹೇಗಿತ್ತೆಂದು ಹಳೆಯ ಚಿತ್ರಸುರುಳಿಗಳಲ್ಲಿ ನೋಡಬೇಕು. ಆಗಿನ ಕೃತಕ ಕಾಲು ನಡೆಯುವುದಕ್ಕೆಂದು ಮಾಡಿದ್ದು, ಓಡುವುದಕ್ಕಲ್ಲ. ಹಿಂದಕ್ಕೆ ಹೋದ ಕಾಲು ಮುಂದಕ್ಕೆ ಬರಲು ಕೊಂಚ ಹೊತ್ತು ಹಿಡಿಯುತ್ತಿತ್ತು. ಅಷ್ಟರಲ್ಲಿ ದೇಹ ಮುಗ್ಗರಿಸದಂತೆ ಅವನು ಎಡಗಾಲಿನಲ್ಲಿ ಎರಡು ಸಲ ಕುಪ್ಪಳಿಸುತ್ತಿದ್ದ, ಆಮೇಲೆ ಬಲಗಾಲಿನ ಒಂದು ಹೆಜ್ಜೆ. ಕುಂಟಾಬಿಲ್ಲೆ ಆಡುವ ಮಕ್ಕಳ ಹಾಗೆ. ಹೀಗಾಗಿ ಎಡಗಾಲಿಗೆ ಎರಡರಷ್ಟು ಕೆಲಸ. ಬಲಗಡೆ ಕತ್ತರಿಸಿ ಉಳಿದ ಮೋಟುಕಾಲು ಕೃತಕ ಕಾಲಿನ ಬಟ್ಟಲಿಗೆ ಉಜ್ಜಿ ಉಜ್ಜಿ ಬೊಕ್ಕೆ ಏಳುತ್ತಿತ್ತು, ಗಂಟು ಕಟ್ಟುತ್ತಿತ್ತು, ರಕ್ತ ಜಿನುಗುತ್ತಿತ್ತು. ಇಪ್ಪತ್ತು ನಿಮಿಷ ತಡೆದುಕೊಂಡು ಓಡಿದರೆ ಆಮೇಲೆ ಓಡುವುದು ಸುಲಭವಾಗುತ್ತದೆ ಎಂಬುದನ್ನು ಅವನೇ ಕಂಡುಕೊಂಡ.

ಮನೆಯವರಿಗೆ ಅವನು ಹೇಳಿದ್ದು ವ್ಯಾಂಕೂವರ್ ಮ್ಯಾರಥಾನಿಗೆ ತಾಲೀಮು ಎಂದು. ಪ್ರಿನ್ಸ್ ಜಾರ್ಜ್ ಓಟವಾದ ಮೇಲೆ ನಿಜ ಹೇಳಿದ. ಅಮ್ಮ ಸಿಡಿಮಿಡಿಗೊಂಡಳು. ಅಪ್ಪ ರೋಲಿ ಕೇಳಿದ್ದು, "ಯಾವಾಗ?" ಎಂದಷ್ಟೇ. ಅಕ್ಟೋಬರ್‌ನಲ್ಲಿ ಕೆನಡಾ ಕ್ಯಾನ್ಸರ್ ಸೊಸೈಟಿಗೆ ಸಹಾಯ ಕೇಳಿ ಪತ್ರ ಬರೆದ. ಫೋರ್ಡ್ ಕಂಪನಿ ವ್ಯಾನ್ ಕೊಟ್ಟಿತು, ಅಡಿಡಾಸ್ ಬೂಟು ಕೊಟ್ಟಿತು. ನಮ್ಮ ಸರಕಿಗೆ ಪ್ರಚಾರ ಕೊಡು ಎಂದ ಕಂಪನಿಗಳನ್ನು ಅವನು ಹತ್ತಿರ ಸೇರಿಸಲಿಲ್ಲ.

1980ರ ಏಪ್ರಿಲ್ 12ರಂದು ನ್ಯೂಫೌಂಡ್‌ಲ್ಯಾಂಡ್‌ನ ಸೇಂಟ್ ಜಾನ್ಸ್‌ನಲ್ಲಿ ಕೃತಕ ಕಾಲನ್ನು ಅಟ್ಲಾಂಟಿಕ್ ಸಾಗರದಲ್ಲಿ ಅದ್ದಿ ಹೊರಟ. ಗೆಳೆಯ ಡಗ್ ಆಲ್ವರ್ಡ್ ವ್ಯಾನ್ ಓಡಿಸಿದ. ದಿನಕ್ಕೆ ಸುಮಾರು 42 ಕಿಲೋಮೀಟರ್, ಅಂದರೆ ದಿನಕ್ಕೊಂದು ಮ್ಯಾರಥಾನ್. ಮೊದಲ ದಿನಗಳಲ್ಲಿ ಬಿರುಗಾಳಿ, ಮಳೆ, ಹಿಮ. ದಾರಿಯಲ್ಲಿ ಜನರೇ ಇಲ್ಲ. ಸುಮಾರು ಹತ್ತು ಸಾವಿರ ಜನರ ಪೋರ್ಟ್ ಓ ಬಾಸ್ಕ್ ಎಂಬ ಊರು ಹತ್ತು ಸಾವಿರ ಡಾಲರ್ ಕೂಡಿಸಿಕೊಟ್ಟಿತು. ಕೆನಡಾದ ತಲೆಗೊಂದು ಡಾಲರ್ ಸಿಗಬೇಕು ಎಂಬುದು ಅವನ ಗುರಿಯಾಯಿತು. ಅಂಟಾರಿಯೊ ತಲುಪುವಷ್ಟರಲ್ಲಿ ರಸ್ತೆಯ ಎರಡೂ ಬದಿ ಜನ ನೆರೆಯತೊಡಗಿದ್ದರು. ಅದೇ ಕ್ಯಾನ್ಸರಿಗೆ ಕಾಲು ಕೊಟ್ಟ ಹತ್ತು ವರ್ಷದ ಹುಡುಗನೊಬ್ಬ ಸೈಕಲ್ ತುಳಿಯುತ್ತ ಅವನ ಹಿಂದೆ ಬಂದ. ಸೆಪ್ಟೆಂಬರ್ 1ರಂದು ಥಂಡರ್ ಬೇ ಹತ್ತಿರ ಕೆಮ್ಮು, ಎದೆನೋವು ತಡೆಯಲಾಗದೆ ನಿಂತುಬಿಟ್ಟ. ರೋಗ ಶ್ವಾಸಕೋಶಕ್ಕೆ ಇಳಿದಿತ್ತು. ಅಲ್ಲಿಗೆ 143 ದಿನ, 5,373 ಕಿಲೋಮೀಟರ್. 1981ರ ಜೂನ್ 28ರಂದು ತೀರಿಕೊಂಡಾಗ ಅವನಿಗೆ 22 ವರ್ಷ.

ಒಂದು ವಿಷಯವನ್ನು ಮುಚ್ಚಿಡಬಾರದು. ಓಟಕ್ಕೆ ಮೊದಲು ನಡೆದ ತಪಾಸಣೆಯಲ್ಲಿ ಅವನ ಹೃದಯದ ಸ್ನಾಯು ದಪ್ಪಗಾಗಿರುವುದು ಕಂಡಿತ್ತು. ಓಟದ ದಾರಿಯಲ್ಲಿ ಅವನು ವೈದ್ಯರ ತಪಾಸಣೆಯನ್ನು ತಪ್ಪಿಸಿಕೊಂಡ. ಅವನ ಛಲಕ್ಕೆ ತಲೆಬಾಗುತ್ತಲೇ, ಇದನ್ನು ಅನುಸರಿಸಬೇಡಿ ಎಂದು ಹೇಳುತ್ತೇನೆ. ಕ್ಯಾನ್ಸರಿಗೆ ಕೊಡುವ ಕೆಲವು ಕೀಮೊ ಔಷಧಗಳು, ಮುಖ್ಯವಾಗಿ ಡಾಕ್ಸೊರುಬಿಸಿನ್, ಹೃದಯವನ್ನು ದುರ್ಬಲಗೊಳಿಸಬಲ್ಲವು. ಚಿಕಿತ್ಸೆ ಮುಗಿಸಿದವರು ದೂರದ ಓಟದ ತಾಲೀಮಿಗೆ ಇಳಿಯುವ ಮೊದಲು ತಮ್ಮ ವೈದ್ಯರನ್ನು ಕೇಳಬೇಕು, ಅವರು ಹೇಳಿದರೆ ಹೃದಯದ ಎಕೋ ಪರೀಕ್ಷೆ ಮಾಡಿಸಲೇಬೇಕು.

1981ರ ಫೆಬ್ರುವರಿಗೆ ಅವನ ನಿಧಿಯಲ್ಲಿ 2.417 ಕೋಟಿ ಕೆನಡಾ ಡಾಲರ್ ಸೇರಿತ್ತು. ಆಗಿನ ಕೆನಡಾದ ಜನಸಂಖ್ಯೆಯೂ ಸುಮಾರು ಅಷ್ಟೇ. ಅದೇ ಸೆಪ್ಟೆಂಬರ್‌ನಲ್ಲಿ ಶುರುವಾದ ಟೆರ್ರಿ ಫಾಕ್ಸ್ ಓಟ ಈಗಲೂ ನಡೆಯುತ್ತಿದೆ. ಅಲ್ಲಿ ನೆಲೆಸಿರುವ ನಮ್ಮವರ ಮಕ್ಕಳೂ ಶಾಲೆಯಲ್ಲಿ ಓಡುತ್ತಾರೆ. ಚೆನ್ನೈನ ಐಐಟಿ ಮದ್ರಾಸ್ ಆವರಣದಲ್ಲೂ ಅದು ನಡೆದಿದೆ. ಆ ಓಟದಲ್ಲಿ ಗೆದ್ದವರು ಸೋತವರು ಎಂಬುದಿಲ್ಲ. ಇದುವರೆಗೆ ಕೂಡಿದ ಹಣ 85 ಕೋಟಿ ಕೆನಡಾ ಡಾಲರ್ ಮೀರಿದೆ.

ಇವತ್ತು ಬೇರೆಡೆ ಹರಡದ ಆಸ್ಟಿಯೊಸಾರ್ಕೋಮದಲ್ಲಿ ಹತ್ತರಲ್ಲಿ ಆರೇಳು ಮಕ್ಕಳು ಉಳಿಯುತ್ತಾರೆ, ಹಲವರ ಕಾಲೂ ಉಳಿಯುತ್ತದೆ. ಆದರೆ 1980ರ ದಶಕದ ನಂತರ ಈ ಲೆಕ್ಕ ಹೆಚ್ಚು ಮೇಲೇರಿಲ್ಲ. ಶ್ವಾಸಕೋಶಕ್ಕೆ ಹರಡಿದ ಮೇಲೆ ಆಸ್ಪತ್ರೆಗೆ ಬಂದ ಮಗುವಿಗೆ ಸಿಗುವ ಭರವಸೆ ಇಂದಿಗೂ ಸಣ್ಣದು. ಸಂಶೋಧನೆ ಮುಗಿದಿಲ್ಲ ಎಂದರೆ ಇದೇ ಅರ್ಥ.

ಒಳ್ಳೆಯ ಕೆಲಸಕ್ಕೆ ಹಣ ಕೂಡಿಸುವ ಓಟಗಳು ನಮ್ಮಲ್ಲೂ ಇವೆ. ಬೆಂಗಳೂರಿನಲ್ಲಿ 2008ರಿಂದ ವಿಶ್ವ 10ಕೆ ಓಟ ನಡೆಯುತ್ತಿದೆ. ಪಿಂಕಥಾನ್ ಎಂಬ ಮಹಿಳೆಯರ ಓಟ ಸಾವಿರಾರು ಹೆಣ್ಣುಮಕ್ಕಳನ್ನು ಬೀದಿಗೆ ಕರೆತಂದು ಸ್ತನ ಕ್ಯಾನ್ಸರ್ ಬಗ್ಗೆ ಮಾತಾಡುವಂತೆ ಮಾಡಿದೆ. ಬೆಳಗಿನ ಜಾವ ಕಬ್ಬನ್ ಪಾರ್ಕಿನಲ್ಲಿ ಓಡುವವರಲ್ಲಿ ಎಷ್ಟೋ ಮಂದಿ ನೆಂಟರಿಷ್ಟರ ಹತ್ತಿರ ದೇಣಿಗೆ ಎತ್ತಿ ಓಡುವವರು. ಜಾಗೃತಿಗೆ ಹಣ ಬೇಕು. ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯ ಮುಂದೆ ಚೀಟಿ ಹಿಡಿದು ಕಾಯುವ ಬಡವರ ಚಿಕಿತ್ಸೆಗೂ ಬೇಕು. ಆದರೆ ಪ್ರಯೋಗಾಲಯದ ಕೆಲಸ ಕಣ್ಣಿಗೆ ಕಾಣದ್ದರಿಂದ ಅದಕ್ಕೆ ಕೊಡುವ ಕೈ ಹಿಂಜರಿಯುತ್ತದೆ. ಟೆರ್ರಿ ಓಡಿದ್ದು ಅದಕ್ಕಾಗಿಯೇ. ಈ ಸಲ ಓಟಕ್ಕೆ ಹೆಸರು ಕೊಡುವಾಗ, ಅಥವಾ ಪರಿಚಿತರು ದೇಣಿಗೆ ಕೇಳಿ ವಾಟ್ಸ್ಆ್ಯಪ್ ಕಳಿಸಿದಾಗ, ತೆರಿಗೆ ವಿನಾಯಿತಿಯ ರಸೀದಿ ಸಿಗುತ್ತದೆಯೇ ಎಂದು ವಿಚಾರಿಸುವುದರ ಜತೆಗೆ ಇನ್ನೊಂದು ಮಾತು ಕೇಳಿ: ಈ ಹಣದಲ್ಲಿ ಸಂಶೋಧನೆಗೆ ಎಷ್ಟು ಹೋಗುತ್ತದೆ? ಏನೂ ಹೋಗುವುದಿಲ್ಲ ಎಂದರೆ, ಸ್ವಲ್ಪವಾದರೂ ಹೋಗಲಿ ಎಂದು ಆಯೋಜಕರಿಗೆ ಬರೆಯಿರಿ.