ಗವತಿ ಚಹಾ ಬೆಳೆಸಿ, ಕುಂಡದ ತಟ್ಟೆಯ ಮೇಲೂ ಕಣ್ಣಿರಲಿ

ಬಾಗಿಲ ಬಳಿ ಗವತಿ ಚಹಾದ ಕುಂಡ ಇಟ್ಟರೆ ಸೊಳ್ಳೆ ಸುಳಿಯುವುದಿಲ್ಲ ಎಂಬ ಮಾತನ್ನು ನೀವೂ ಕೇಳಿರಬಹುದು. ಅದನ್ನು ನಂಬಿ ಕೂರಬೇಡಿ. ಈ ಹುಲ್ಲಿನ ಎಣ್ಣೆ ಎಲೆಯೊಳಗೇ ಇರುತ್ತದೆ; ಹಿಸುಕಿದಾಗಲೇ ಘಮ ಹೊರಬರುವುದು. ಸೊಳ್ಳೆ ಓಡಿಸಲು ಬಳಸುವ ಸಿಟ್ರೊನೆಲ್ಲಾ ಎಣ್ಣೆಯನ್ನು ತೆಗೆಯುವುದು ಇದರದೇ ಕುಲದ ಬೇರೆ ಹುಲ್ಲಿನಿಂದ. ಚಹಾಕ್ಕಾಗಿ ಬೆಳೆಸುವುದಾದರೆ ಮಾತ್ರ ಇದರಷ್ಟು ಸುಲಭದ ಗಿಡ ಇನ್ನೊಂದಿಲ್ಲ.

ಬೇರೆ ಕಡೆ ಮಜ್ಜಿಗೆ ಹುಲ್ಲು, ನಿಂಬೆ ಹುಲ್ಲು ಎನ್ನುವುದನ್ನೇ ಬೆಳಗಾವಿಯಲ್ಲಿ ನಾವು ಮರಾಠಿ ಹೆಸರಿನಿಂದ ಕರೆಯುತ್ತೇವೆ. ಖಾಸಬಾಗದ ರವಿವಾರ ಸಂತೆಯಿಂದ ಬರೀ ಎಲೆಯ ಸೂಡು ತಂದು ನೆಟ್ಟರೆ ಚಿಗುರುವುದಿಲ್ಲ. ಬೆಳೆಸಿದವರ ಮನೆಯಿಂದ ಬೇರುಸಹಿತ ಎರಡು-ಮೂರು ಮರಿ ಕೇಳಿ ತನ್ನಿ. ಎಲೆಯನ್ನು ಗೇಣುದ್ದಕ್ಕೆ ಕತ್ತರಿಸಿ, ಬುಡ ಮಾತ್ರ ಮಣ್ಣಿನೊಳಗೆ ಹೋಗುವಂತೆ ನೆಡಿ. ಮಳೆ ಹಿಡಿಯುವ ಜೂನ್ ಒಳ್ಳೆಯ ಸಮಯ. ನಮ್ಮ ಕಡೆಯ ಎರೆಮಣ್ಣು ಕುಂಡದಲ್ಲಿ ನೀರು ಹಿಡಿದು ಬೇರು ಕೊಳೆಸುತ್ತದೆ, ಬೇಸಿಗೆಯಲ್ಲಿ ಕಲ್ಲಾಗುತ್ತದೆ. ಖಾನಾಪುರ ಕಡೆಯ ಕೆಂಪು ಮಣ್ಣು ಸಿಕ್ಕರೆ ಮರಳು, ಹಳೆಯ ಸಗಣಿ ಗೊಬ್ಬರ ಬೆರೆಸಿ ತುಂಬಿ. ಅಡಿಯಷ್ಟು ಅಗಲದ ಕುಂಡ ಸಾಕು. ತಳದಲ್ಲಿ ತೂತು ಇರಲೇಬೇಕು. ಅಂಗಳವಿಲ್ಲದ ಮನೆಯವರು ಮಾಳಿಗೆ ಮೇಲಿಡಿ, ಅರ್ಧ ದಿನವಾದರೂ ಬಿಸಿಲು ಬೀಳಲಿ. ಮೂರು-ನಾಲ್ಕು ತಿಂಗಳಿಗೆ ಎಲೆ ಕೊಯ್ಯಬಹುದು. ಅಂಚು ಹರಿತ, ಮಕ್ಕಳ ಬೆರಳು ಕುಯ್ದೀತು. ಕತ್ತರಿಯಿಂದಲೇ ಕತ್ತರಿಸಿ, ಬುಡದಲ್ಲಿ ನಾಲ್ಕು ಬೆರಳಷ್ಟು ಬಿಡಿ. ಎರಡು-ಮೂರು ವರ್ಷಕ್ಕೊಮ್ಮೆ ಕಿತ್ತು ಬೇರ್ಪಡಿಸಿ ಮತ್ತೆ ನೆಟ್ಟರೆ ಗಿಡ ಹೊಸದಾಗುತ್ತದೆ.

ಇನ್ನು ಆ ತಟ್ಟೆಯ ವಿಷಯ. ನೆಲ ಒದ್ದೆಯಾಗದಿರಲೆಂದು ಕುಂಡದಡಿ ಇಡುತ್ತೇವಲ್ಲ, ಅದರಲ್ಲಿ ನಿಂತ ಎರಡು ಬೆರಳು ನೀರೇ ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಸಾಕು. ಮೊಟ್ಟೆ ಸೊಳ್ಳೆಯಾಗಲು ವಾರ, ಹತ್ತು ದಿನ. ನೀರು ಚೆಲ್ಲಿದರಷ್ಟೇ ಸಾಲದು: ಅಂಚಿಗೆ ಅಂಟಿದ ಮೊಟ್ಟೆ ತಿಂಗಳುಗಟ್ಟಲೆ ಒಣಗಿದ್ದರೂ ಸಾಯದೆ, ನೀರು ತಾಗಿದಾಗ ಒಡೆಯುತ್ತದೆ. ಆದ್ದರಿಂದ ಬ್ರಷ್ಷಿನಿಂದ ಉಜ್ಜಬೇಕು. ಜುಮಾದ ದಿನ ಹೇಗೂ ಮನೆ ತೊಳೆಯುವವರು ತಟ್ಟೆಯನ್ನೂ ಅದಕ್ಕೇ ಸೇರಿಸಿಕೊಂಡರೆ ಮರೆಯುವುದಿಲ್ಲ. ನಳದ ನೀರು ತುಂಬಿಡುವ ಡ್ರಮ್ಮು, ವುಝೂವಿಗೆಂದು ಇಟ್ಟ ಬಕೆಟ್ಟು, ಎರಡಕ್ಕೂ ಮುಚ್ಚಳ ಬೇಕು.

ಮಳೆಗಾಲದ ಸಂಜೆ ನಾಲ್ಕು ಎಲೆ ತೊಳೆದು, ಗಂಟು ಕಟ್ಟಿ, ಶುಂಠಿಯೊಂದಿಗೆ ಕುದಿಸಿ. ಹಾಲು ಕೊನೆಗೆ ಹಾಕಿ. ನೆಗಡಿಯಾದಾಗ ಗಂಟಲಿಗೆ ಹಿತ. ಗರ್ಭಿಣಿಯರು ವೈದ್ಯರನ್ನು ಕೇಳದೆ ದಿನಾ ಕುಡಿಯುವುದು ಬೇಡ. ಆದರೆ ಮಗುವಿಗೆ ಜೋರು ಜ್ವರ, ಕಣ್ಣಿನ ಹಿಂದೆ ನೋವು, ಮೈಕೈ ನೋವು ಬಂದರೆ ಈ ಕಷಾಯ ಕುಡಿಸುತ್ತ ದಿನ ಕಳೆಯಬೇಡಿ. ರಕ್ತ ಪರೀಕ್ಷೆ ಮಾಡಿಸಿ. ಡೆಂಗಿ ಅಲ್ಲವೆಂದು ತಿಳಿಯುವ ತನಕ ಆಸ್ಪಿರಿನ್, ಐಬುಪ್ರೊಫೆನ್ ಕೊಡಬೇಡಿ, ರಕ್ತಸ್ರಾವದ ಭಯವಿದೆ. ವೈದ್ಯರು ಹೇಳಿದ ಪ್ರಮಾಣದಲ್ಲಿ ಪ್ಯಾರಾಸಿಟಮಾಲ್ ಸಾಕು. ಜ್ವರ ಇಳಿಯಿತೆಂದು ನಿಶ್ಚಿಂತೆಯಾಗುವ ಹೊತ್ತೇ ಕೆಲವರಿಗೆ ಅಪಾಯದ ಹೊತ್ತು. ಹೊಟ್ಟೆನೋವು, ಬಿಡದ ವಾಂತಿ, ಒಸಡಿನಲ್ಲಿ ರಕ್ತ ಕಂಡರೆ, ರಾತ್ರಿಯಾಗಿದ್ದರೂ ಆಸ್ಪತ್ರೆಗೆ ಹೊರಡಿ.